ಪ್ರತಿಕ್ರಿಯೆ: ಹೊಗೆಸೊಪ್ಪಿಲ್ಲದ ಅಡಿಕೆಯೂ ಬಾಯಿಯನ್ನು ಬಿಗಿಸಬಲ್ಲದೇ?

ಬದಿಯಡ್ಕದ ನಿಮ್ಮ ದೊಡ್ಡಪ್ಪನವರು ಹೊಗೆಸೊಪ್ಪು ಮುಟ್ಟದೆ ಬರೀ ಅಡಿಕೆ, ಸುಣ್ಣ, ವೀಳ್ಯದೆಲೆ ಜಗಿಯುವವರಾದರೂ ಅವರ ಬಾಯಿ ಎರಡು ಬೆರಳು ಹಿಡಿಸುವಷ್ಟೂ ತೆರೆಯುವುದಿಲ್ಲವೆಂದೂ, ತಂಬಾಕಿಲ್ಲದೆ ಸಬ್‌ಮ್ಯೂಕಸ್ ಫೈಬ್ರೋಸಿಸ್ (ಬಾಯಿಯ ಒಳಪದರದ ಕೆಳಗೆ ನಾರು ಬೆಳೆದು ಬಾಯಿ ಬಿಗಿಯುವ ರೋಗ) ಬರುವುದು ಹೇಗೆಂದೂ ಕೇಳಿದ್ದೀರಿ.

ಈ ರೋಗದ ಮುಖ್ಯ ಕಾರಣ ಅಡಿಕೆಯೇ ಹೊರತು ತಂಬಾಕಲ್ಲ. ಅಡಿಕೆಯ ಅರೆಕೋಲಿನ್ ಎಂಬ ಆಲ್ಕಲಾಯ್ಡ್ ನಾರು ತಯಾರಿಸುವ ಫೈಬ್ರೋಬ್ಲಾಸ್ಟ್ ಕೋಶಗಳನ್ನು ಪ್ರಚೋದಿಸಿ ಕೊಲಾಜನ್ ಎಂಬ ನಾರಿನ ಪ್ರೋಟೀನಿನ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ಅಡಿಕೆಯಲ್ಲಿರುವ ತಾಮ್ರವು ಲೈಸಿಲ್ ಆಕ್ಸಿಡೇಸ್ ಕಿಣ್ವವನ್ನು ಚುರುಕುಗೊಳಿಸುವುದರಿಂದ ಆ ಕೊಲಾಜನ್ ನಾರುಗಳು ಅಡ್ಡಬಂಧಗಳಿಂದ ಬಿಗಿದುಕೊಳ್ಳುತ್ತವೆ. ಅಡಿಕೆಯ ಒಗರು ಅಂಶಗಳಾದ ಟ್ಯಾನಿನ್‌ಗಳು ಆ ನಾರುಗಳನ್ನು ಕೊಲಾಜನೇಸ್ ಎಂಬ ಕಿಣ್ವ ಒಡೆಯದಂತೆ ತಡೆಯುತ್ತವೆ. ಅಂದರೆ ತಯಾರಿ ಹೆಚ್ಚು, ವಿಲೇವಾರಿ ಕಡಿಮೆ. ವೈವಾದಲ್ಲಿ (ವಿದ್ಯಾರ್ಥಿಗಳ ಮೌಖಿಕ ಪರೀಕ್ಷೆಯಲ್ಲಿ) ಅರೆಕೋಲಿನ್ ಹೆಸರು ಹೇಳಿ ನಿಲ್ಲುವವರೇ ಹೆಚ್ಚು. ತಾಮ್ರದ ಪಾತ್ರವನ್ನು ಮರೆಯಬೇಡಿ.

ಅಡಿಕೆ ತೋಟದ ಆದಾಯದಿಂದಲೇ ಓದಿದ ನಮ್ಮಂಥವರಿಗೆ ಇದು ಹಿತವಾದ ಮಾತಲ್ಲ. ಆದರೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ತನ್ನ ಮೌಲ್ಯಮಾಪನದಲ್ಲಿ ತಂಬಾಕಿಲ್ಲದ ತಾಂಬೂಲವನ್ನೂ, ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿಗೆ ಸೇರಿಸಿದೆ.

ಅಡಿಕೆ ಬಿಟ್ಟರೆ ಬಾಯಿ ಮೊದಲಿನಂತಾಗುವುದೇ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ಈಗಾಗಲೇ ಬೆಳೆದ ನಾರುಪಟ್ಟಿಗಳು ತಾವಾಗಿ ಕರಗುವುದಿಲ್ಲ. ಬಿಡುವುದರಿಂದ ರೋಗ ಮುಂದುವರಿಯುವುದನ್ನು ತಡೆಯುವ ಅವಕಾಶ ಸಿಗುತ್ತದೆ, ಚಿಕಿತ್ಸೆಗೂ ಫಲ ದೊರೆಯುತ್ತದೆ. ಬಾಯಿ ತೆರೆಯುವ ವ್ಯಾಯಾಮ, ಸ್ಟೀರಾಯ್ಡ್ ಮತ್ತು ಹಯಲುರೊನಿಡೇಸ್ (ಅಂಗಾಂಶವನ್ನು ಸಡಿಲಿಸುವ ಕಿಣ್ವ) ಚುಚ್ಚುಮದ್ದು, ತೀರಾ ಬಿಗಿದಿದ್ದರೆ ಶಸ್ತ್ರಚಿಕಿತ್ಸೆ, ಇವು ರೂಢಿಯ ಮಾರ್ಗಗಳು. ದೊಡ್ಡಪ್ಪನವರನ್ನು ದಂತ ಆಸ್ಪತ್ರೆಯ ಓರಲ್ ಮೆಡಿಸಿನ್ (ಬಾಯಿಯ ರೋಗಗಳ) ವಿಭಾಗಕ್ಕೆ ಕರೆದೊಯ್ದು, ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ಅಂಚಿನ ನಡುವಣ ಅಂತರವನ್ನು ಮಿಲಿಮೀಟರಿನಲ್ಲಿ ಅಳೆಸಿ ಬರೆದಿಡಿ. ಎರಡು ವಾರ ಕಳೆದರೂ ಮಾಯದ ಹುಣ್ಣು ಅಥವಾ ಕೆಂಪು ಮಚ್ಚೆ ಕಂಡುಬಂದರೆ ಬಯಾಪ್ಸಿಯನ್ನು (ಅಂಗಾಂಶದ ಚೂರು ತೆಗೆದು ಮಾಡುವ ಪರೀಕ್ಷೆಯನ್ನು) ಮುಂದೂಡಬೇಡಿ.