ವಿದೇಶಿ ನರ್ಸ್‌ಗಳ ಸಂಘದ ಜೊತೆ ಕೈಜೋಡಿಸುವುದು ಹೇಗೆ?

ಪ್ರಶ್ನೆ: ಜಯನಗರದಲ್ಲಿ ನಮ್ಮದು ನರ್ಸ್‌ಗಳ ಸಣ್ಣ ಸಂಘ. ಬ್ರಿಟನ್ನಿನ ಸಂಘವೊಂದರ ಜೊತೆ ಒಪ್ಪಂದ ಮಾಡಿಕೊಳ್ಳುವ ಆಸೆ. ಎಲ್ಲಿಂದ ಶುರು ಮಾಡೋಣ?

ಉತ್ತರ: ಒಂದೇ ಕೆಲಸ ಹಿಡಿಯಿರಿ. ಹಾಸಿಗೆ ಹುಣ್ಣು ತಡೆಯುವುದು ಎಂದಿಟ್ಟುಕೊಳ್ಳಿ: ರೋಗಿಯ ಮಗ್ಗುಲು ಬದಲಿಸಿದ ಹೊತ್ತನ್ನು ಬರೆದಿಡುವ ಚಾರ್ಟನ್ನು ಇಬ್ಬರೂ ಹೋಲಿಸಿ ನೋಡಬಹುದು. ಎರಡೂ ಕಡೆ ಇಬ್ಬಿಬ್ಬರು ಹೊಣೆಗಾರರಿರಲಿ. ಒಬ್ಬರನ್ನೇ ನಂಬಿದರೆ ಅವರು ಕೆಲಸ ಬಿಟ್ಟ ದಿನ ಪತ್ರವ್ಯವಹಾರವೂ ನಿಲ್ಲುತ್ತದೆ.

ಮುಗ್ಗರಿಸುವುದು ಹಣದಲ್ಲಿ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ದೇಣಿಗೆ ಪಡೆಯುವಂತಿಲ್ಲ. ಅನುಮತಿ ಸಿಕ್ಕರೂ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಹಾಗಾಗಿ ಮೊದಲ ವರ್ಷ ದುಡ್ಡಿನ ಮಾತೇ ಬೇಡ.

ಆನ್‌ಲೈನ್ ಸಭೆಗೆ ನಮ್ಮ ಸಂಜೆ 6 ಗಂಟೆ ಒಳ್ಳೆಯದು. ಲಂಡನ್ನಿನಲ್ಲಿ ಆಗ ಚಳಿಗಾಲದಲ್ಲಾದರೆ ಮಧ್ಯಾಹ್ನ 12.30, ಬೇಸಿಗೆಯಲ್ಲಿ 1.30. ರೋಗಿಯ ಲಿಖಿತ ಒಪ್ಪಿಗೆಯಿಲ್ಲದೆ ಗಾಯದ ಫೋಟೊ ಮಾತ್ರ ಕಳಿಸಲೇಬೇಡಿ.