ವ್ಯಾನ್ ನಿಲ್ಲಿಸಿದ ಮೇಲೆ ಊರು ಸುತ್ತುವುದು ಹೇಗೆ?

ಪ್ರಶ್ನೆ: ಬಾಡಿಗೆ ಕ್ಯಾಂಪರ್ ವ್ಯಾನಿನಲ್ಲಿ ನಾವಿಬ್ಬರು, 10 ಮತ್ತು 3 ವರ್ಷದ ಮಕ್ಕಳು ನಾಲ್ಕು ದಿನಕ್ಕೆ ಉಡುಪಿಗೆ ಬರುತ್ತಿದ್ದೇವೆ. ವ್ಯಾನ್ ಮಲ್ಪೆ ಕಡೆ ನಿಲ್ಲಿಸಿ ತಿರುಗಾಡಲು ಹಿಂದೆ ಒಂದು ಸ್ಕೂಟರ್ ಕಟ್ಟಿಕೊಂಡು ಬರಬಹುದೇ, ಸೈಕಲ್ ಸಾಕೇ? (ದಾವಣಗೆರೆಯ ಓದುಗರು)

ಉತ್ತರ: ಸ್ಕೂಟರ್ ಬೇಡ. 110 ಕೆ.ಜಿ.ಯ ಸ್ಕೂಟರ್ ವ್ಯಾನಿನ ಹಿಂದಿನ ಚಕ್ರಗಳ ಆಕ್ಸಲಿನಿಂದ ಒಂದೂವರೆ ಮೀಟರ್ ಆಚೆ ಕೂತರೆ ಭಾರ 110ಕ್ಕೆ ನಿಲ್ಲುವುದಿಲ್ಲ. ಎರಡು ಆಕ್ಸಲ್ ನಡುವೆ 3.3 ಮೀಟರ್ ಇರುವ ವ್ಯಾನಿನಲ್ಲಿ ಹಿಂದಿನ ಆಕ್ಸಲಿಗೆ 160 ಕೆ.ಜಿ. ಬೀಳುತ್ತದೆ, ಮುಂದಿನ ಚಕ್ರಗಳಿಂದ 50 ಕೆ.ಜಿ. ಎತ್ತಿದಂತಾಗುತ್ತದೆ. ಮರಳುವಾಗ ಘಾಟಿ ಹತ್ತುವ ತಿರುವಿನಲ್ಲಿ ಸ್ಟೀರಿಂಗಿನ ಹಿಡಿತ ಕಡಿಮೆಯಾಗುವುದು ಇದರಿಂದಲೇ. ಇಷ್ಟಾಗಿ ಅದರಲ್ಲಿ ಸವಾರರ ಹಿಂದೆ ಒಬ್ಬರೇ ಕೂರಬಹುದು. 3 ವರ್ಷದ ಮಗುವಾದರೆ ಹೆಲ್ಮೆಟ್, ಸವಾರರಿಗೆ ಸೇರಿಸಿ ಕಟ್ಟುವ ಬೆಲ್ಟ್, 40 ಕಿ.ಮೀ. ವೇಗದ ಮಿತಿ.

ಉಡುಪಿ ಪೇಟೆಗೂ ಮಣಿಪಾಲಕ್ಕೂ ಸಿಟಿ ಬಸ್ಸೇ ಸುಲಭ. ಮಲ್ಪೆಯಿಂದ ಪೇಟೆ 6 ಕಿ.ಮೀ. ಅಷ್ಟೇ. ರಥಬೀದಿಯ ಗಲ್ಲಿಗಳಿಗೆ ವ್ಯಾನ್ ಒಯ್ಯುವ ಆಸೆ ಬಿಡಿ. ಮಂಗಳೂರಿಗಾದರೆ ಸರ್ವಿಸ್ ಬಸ್ ನಿಲ್ದಾಣದಿಂದ ಎಕ್ಸ್‌ಪ್ರೆಸ್. ಕಂಡಕ್ಟರ್ ಕೂಗುವ ‘ಸ್ಟೇಟ್‌ಬ್ಯಾಂಕ್’ ಮಂಗಳೂರಿನ ಬಸ್ ನಿಲ್ದಾಣದ ಹೆಸರು, ಬ್ಯಾಂಕಿಗೆ ಹೋಗುವ ಬಸ್ ಅಂದುಕೊಳ್ಳಬೇಡಿ. ಚಿಲ್ಲರೆ ಇಟ್ಟುಕೊಳ್ಳಿ, ಹೋಗುವಾಗಲೇ ಕೊನೆಯ ಬಸ್ ಯಾವಾಗ ಎಂದು ಕೇಳಿ.

ಸೈಕಲ್ ತನ್ನಿ, ಪೇಟೆಗಲ್ಲ, ಕಡಲ ಬದಿಗೆ. ಮಲ್ಪೆಯ ಪಡುಕೆರೆ ಸೇತುವೆ ದಾಟಿದರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ಸಪಾಟು ರಸ್ತೆ. 66ನೇ ಹೆದ್ದಾರಿಯಲ್ಲಿ ಮಾತ್ರ ಮಕ್ಕಳನ್ನು ತುಳಿಸಬೇಡಿ. ವ್ಯಾನಿನ ಹಿಂದೆ ಸೈಕಲ್ ರ‍್ಯಾಕ್ ಕಟ್ಟಿದ ಮೇಲೆ ಹತ್ತು ಹೆಜ್ಜೆ ಹಿಂದೆ ನಿಂತು ನೋಡಿ: ನಂಬರ್ ಪ್ಲೇಟ್, ಬ್ರೇಕ್ ಲೈಟ್ ಕಾಣದಿದ್ದರೆ ಬಿಚ್ಚಿ ಮತ್ತೆ ಕಟ್ಟಿ. ಪ್ರತಿ ಸಂಜೆ ಚೈನನ್ನು ಸಿಹಿನೀರಲ್ಲಿ ತೊಳೆದು, ಒರೆಸಿ, ಪೂರ್ತಿ ಒಣಗಿದ ಮೇಲೆ ಒಂದೊಂದು ಕೊಂಡಿಗೂ ಒಂದು ಹನಿ ಎಣ್ಣೆ. ಒದ್ದೆ ಚೈನಿಗೆ ಎಣ್ಣೆ ಹಾಕಿದರೆ ಉಪ್ಪು ಒಳಗೇ ಉಳಿದು ಬೇಗ ತುಕ್ಕು ಹಿಡಿಯುತ್ತದೆ. ಪೈಪಿನ ರಭಸದ ನೀರನ್ನು ಚಕ್ರದ ನಡುವಿಗೆ ಬಿಡಬೇಡಿ, ಬೇರಿಂಗಿನ ಗ್ರೀಸ್ ಹೋಗುತ್ತದೆ.

ಪ್ರಶ್ನೆ: ನಮ್ಮ ಎರಡು ಇ-ಸೈಕಲ್‌ಗಳನ್ನು ವ್ಯಾನಿನ ಬ್ಯಾಟರಿಯಿಂದಲೇ ಚಾರ್ಜ್ ಮಾಡಬಹುದೇ? (ಹಾಸನದ ಓದುಗರು)

ಉತ್ತರ: ಒಂದನ್ನು ಮಾಡಬಹುದು. 36 ವೋಲ್ಟ್, 7.5 ಆಂಪಿಯರ್-ಅವರ್ ಬ್ಯಾಟರಿ ಎಂದರೆ 270 ವ್ಯಾಟ್-ಅವರ್. ಇನ್ವರ್ಟರ್, ಚಾರ್ಜರ್‌ಗಳ ನಷ್ಟ ಸೇರಿಸಿದರೆ ಸುಮಾರು 330. ವ್ಯಾನಿನ 12 ವೋಲ್ಟ್ ಬ್ಯಾಟರಿಯಿಂದ 27-28 ಆಂಪಿಯರ್-ಅವರ್ ಹೋದಂತೆ. 100 ಆಂಪಿಯರ್-ಅವರ್‌ನ ಲೆಡ್-ಆಸಿಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸಬಾರದು. ಎರಡು ಸೈಕಲ್ಲಿಗೇ ಆ ಅರ್ಧ ಮುಗಿಯುತ್ತದೆ, ರಾತ್ರಿ ಫ್ಯಾನು, ಫ್ರಿಜ್ಜಿಗೆ ಏನೂ ಇರುವುದಿಲ್ಲ. ಎರಡನೆಯದನ್ನು ವ್ಯಾನ್ ಓಡುತ್ತಿರುವಾಗ ಚಾರ್ಜಿಗೆ ಹಾಕಿ. ಬಿಸಿಲಲ್ಲಿ ನಿಂತ, ಮುಚ್ಚಿದ ವ್ಯಾನಿನೊಳಗೆ ಮಾತ್ರ ಯಾವ ಬ್ಯಾಟರಿಯನ್ನೂ ಚಾರ್ಜಿಗಿಟ್ಟು ಹೋಗಬೇಡಿ.