ಮಾಡ್ಯೂಲ್ ಬದಲಿಸಿದ ಮೇಲೆ ಪೆಟ್ ಸ್ಕ್ಯಾನರ್‌ಗೆ ಟೈಮಿಂಗ್ ಕ್ಯಾಲಿಬ್ರೇಶನ್ ಬೇಕೇ?

ಪೆಟ್ ಸ್ಕ್ಯಾನರ್‌ನ ಡಿಟೆಕ್ಟರ್ ಮಾಡ್ಯೂಲ್ (ಫೋಟಾನ್ ಹಿಡಿಯುವ ಕ್ರಿಸ್ಟಲ್‌ಗಳ ಒಂದು ಕಟ್ಟು) ಒಂದನ್ನು ಬದಲಿಸಿದ್ದಾರೆ, ಬೆಳಗಿನ ಕ್ಯೂಸಿ, ಅಂದರೆ ಗುಣಮಟ್ಟದ ಪರೀಕ್ಷೆಯೂ ಪಾಸಾಗಿದೆ, ಆದರೂ ಟೈಮಿಂಗ್ ಕ್ಯಾಲಿಬ್ರೇಶನ್ (ಎಲ್ಲ ಕ್ರಿಸ್ಟಲ್‌ಗಳ ಸಮಯ ಒಂದಕ್ಕೊಂದು ಹೊಂದಿಸುವುದು) ಆಗದೆ ಮಷೀನ್ ಕೊಡಲ್ಲ ಅಂತ ಎಂಜಿನಿಯರ್ ಹಟ ಹಿಡಿದಿದ್ದಾರೆ, ಅಷ್ಟು ಅಗತ್ಯವಾ ಅಂತ ಕೇಳಿದ್ದೀರಿ. ಅಗತ್ಯ. ವರ್ಷಗಳಿಂದ ಇದೇ ಸರ್ವಿಸ್ ಕೆಲಸದಲ್ಲಿದ್ದೇನೆ. ಆ ಎಂಜಿನಿಯರ್ ಮಾಡುತ್ತಿರುವುದು ಸರಿ.

ರೋಗಿಯ ದೇಹದೊಳಗೆ ಪಾಸಿಟ್ರಾನ್ (ಎಲೆಕ್ಟ್ರಾನ್‌ನಂಥದೇ, ಆದರೆ ಧನ ವಿದ್ಯುದಂಶದ ಕಣ) ಒಂದು ಎಲೆಕ್ಟ್ರಾನ್ ಜೊತೆ ಸೇರಿ ಎರಡೂ ಇಲ್ಲವಾದಾಗ 511 ಕೆಇವಿ ಶಕ್ತಿಯ ಎರಡು ಫೋಟಾನ್‌ಗಳು ಹೆಚ್ಚುಕಡಿಮೆ ವಿರುದ್ಧ ದಿಕ್ಕಿಗೆ ಹೊರಡುತ್ತವೆ. ಯಾವುದು ಎಷ್ಟು ಮೊದಲು ತಲುಪಿತು ಅನ್ನುವುದರಿಂದ ಅವು ಹುಟ್ಟಿದ ಜಾಗವನ್ನು ಅಂದಾಜು ಮಾಡುತ್ತೇವೆ. ಬೆಳಕು 1 ನ್ಯಾನೊಸೆಕೆಂಡಿಗೆ 30 ಸೆಂ.ಮೀ. ಹೋಗುತ್ತದೆ. ಒಂದು ಕಡೆ ದಾರಿ ಕಮ್ಮಿಯಾದಷ್ಟೂ ಇನ್ನೊಂದು ಕಡೆ ಹೆಚ್ಚುವುದರಿಂದ, 1 ನ್ಯಾನೊಸೆಕೆಂಡ್ ವ್ಯತ್ಯಾಸ ಅಂದರೆ 15 ಸೆಂ.ಮೀ.; 200 ಪಿಕೊಸೆಕೆಂಡ್ ಅಂದರೆ 3 ಸೆಂ.ಮೀ.

ತೊಂದರೆ ಏನೆಂದರೆ ಹತ್ತಾರು ಸಾವಿರ ಕ್ರಿಸ್ಟಲ್‌ಗಳಲ್ಲಿ ಪ್ರತಿಯೊಂದಕ್ಕೂ ಅದರದೇ ತಡ ಇರುತ್ತದೆ. ಕೇಬಲ್ ಉದ್ದ, ಸೆನ್ಸರ್‌ನ ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಅನ್ನುವುದು), ಎಲೆಕ್ಟ್ರಾನಿಕ್ಸ್, ಎಲ್ಲವೂ ಸೇರಿಕೊಳ್ಳುತ್ತವೆ. ಸಣ್ಣ ಪಲ್ಸ್ ಥ್ರೆಶೋಲ್ಡ್, ಅಂದರೆ ಸಮಯ ಗುರುತಾಗುವ ಮಟ್ಟ ಮುಟ್ಟಲು ದೊಡ್ಡ ಪಲ್ಸ್‌ಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಹೊಸ ಮಾಡ್ಯೂಲ್ ಹಾಕಿದಾಗ ಹಳೆಯದರ ತಿದ್ದುಪಡಿ ಅಂಕಿಗಳು ಅದಕ್ಕೆ ಹೊಂದುವುದಿಲ್ಲ.

ಕ್ಯೂಸಿ ಹೇಗೆ ಪಾಸಾಯಿತು? ಒಂದು ಕಡೆ ನಾನೇ ನೋಡಿದ್ದು ಹೇಳುತ್ತೇನೆ. ಮಾಡ್ಯೂಲ್ ಬದಲಿಸಿ ಮೊದಲು ಟೈಮಿಂಗ್ ಮಾಡಿ, ಆಮೇಲೆ ಗೇನ್ ಹೊಂದಿಸಿದ್ದರು. ಗೇನ್ ಬದಲಾದೊಡನೆ ಪಲ್ಸ್‌ನ ಎತ್ತರ ಬದಲಾಗಿ, ಟೈಮಿಂಗ್ ಮತ್ತೆ ಕೆಟ್ಟಿತ್ತು. ಪರದೆಯ ಮೇಲೆ ಸಮಯ ವ್ಯತ್ಯಾಸದ ಹಿಸ್ಟೋಗ್ರಾಂನಲ್ಲಿ ಉಳಿದೆಲ್ಲ ಮಾಡ್ಯೂಲ್‌ಗಳ ಗುಡ್ಡಗಳು ಸೊನ್ನೆಯ ಮೇಲೆ ಸಾಲಾಗಿ ನಿಂತಿದ್ದವು. ಇದೊಂದರದು ಸುಮಾರು 400 ಪಿಕೊಸೆಕೆಂಡ್ ಪಕ್ಕಕ್ಕೆ ಕೂತಿತ್ತು, ಅಂದರೆ 6 ಸೆಂ.ಮೀ. ಕೋಇನ್ಸಿಡೆನ್ಸ್ ವಿಂಡೋ (ಎರಡು ಫೋಟಾನ್‌ಗಳನ್ನು ಒಂದೇ ಜೋಡಿ ಅಂತ ಒಪ್ಪುವ ಸಮಯದ ಮಿತಿ) ಕೆಲವು ನ್ಯಾನೊಸೆಕೆಂಡ್ ಅಗಲ ಇರುವುದರಿಂದ ಕೌಂಟ್, ಅಂದರೆ ಹಿಡಿದ ಜೋಡಿಗಳ ಎಣಿಕೆ ಮಾತ್ರ ಕಮ್ಮಿಯಾಗಿರಲಿಲ್ಲ. ಕೌಂಟ್ ನೋಡುವ ಪರೀಕ್ಷೆಗೆ ಇಂಥದ್ದು ಸಿಗುವುದೇ ಇಲ್ಲ. ಹಾಗಂತ ಗಡ್ಡೆ 6 ಸೆಂ.ಮೀ. ಸರಿದು ಕಾಣುತ್ತದೆ ಅಂದುಕೊಳ್ಳಬೇಡಿ. ಆ ಮಾಡ್ಯೂಲ್‌ನ ರೇಖೆಗಳು (ಜೋಡಿ ಕ್ರಿಸ್ಟಲ್‌ಗಳನ್ನು ಸೇರಿಸುವ ಗೆರೆಗಳು) ಒಂದು ಹೇಳುತ್ತವೆ, ಉಳಿದವು ಇನ್ನೊಂದು ಹೇಳುತ್ತವೆ; ಚಿತ್ರ ಕಟ್ಟುವ ಲೆಕ್ಕ, ಅಂದರೆ ರೀಕನ್‌ಸ್ಟ್ರಕ್ಷನ್ ಎರಡರ ನಡುವೆ ಸಿಕ್ಕಿಕೊಂಡು ಸಣ್ಣ ಗಡ್ಡೆ ಮಸುಕಾಗುತ್ತದೆ, ಎಸ್‌ಯುವಿ (ಗಡ್ಡೆ ಔಷಧವನ್ನು ಎಷ್ಟು ಹೀರಿದೆ ಅನ್ನುವ ಅಂಕಿ) ತಪ್ಪುತ್ತದೆ. ಚಿತ್ರ ನೋಡಿದವರಿಗೆ ಅನುಮಾನವೇ ಬರದಿರಬಹುದು. ನನಗೆ ಹೆದರಿಕೆ ಅದರದ್ದೇ.

ಸರಿಪಡಿಸುವ ದಾರಿ ಸೊಗಸಾಗಿದೆ. ಪಾಸಿಟ್ರಾನ್ ಸೋರ್ಸ್ ಆದ ಜರ್ಮೇನಿಯಂ-68 ತುಂಬಿದ ಸಿಲಿಂಡರನ್ನು ನಡುವೆ ಇಟ್ಟು ಪ್ರತಿ ಜೋಡಿ ಕ್ರಿಸ್ಟಲ್‌ನ ಸಮಯ ವ್ಯತ್ಯಾಸ ಅಳೆಯುತ್ತಾರೆ. ಸಿಲಿಂಡರ್ ಎಲ್ಲಿದೆ ಅಂತ ಗೊತ್ತಿರುವುದರಿಂದ ಆ ವ್ಯತ್ಯಾಸ ಎಷ್ಟಿರಬೇಕು ಅನ್ನುವುದೂ ಗೊತ್ತು. ಉಳಿದದ್ದು ಎರಡು ಕ್ರಿಸ್ಟಲ್‌ಗಳ ತಡಗಳ ನಡುವಿನ ಅಂತರ. ಜೋಡಿಗಳು ಕೋಟಿಗಟ್ಟಲೆ, ಗೊತ್ತಿಲ್ಲದ ಅಂಕಿ ಕ್ರಿಸ್ಟಲ್‌ಗೊಂದೇ. ಹಾಗಾಗಿ ಒಂದೊಂದು ಜೋಡಿಗೆ ಕೌಂಟ್ ಕಮ್ಮಿ ಸಿಕ್ಕರೂ ಎಲ್ಲ ಸಮೀಕರಣಗಳನ್ನು ಒಟ್ಟಿಗೆ ಬಿಡಿಸಿದರೆ ಉತ್ತರ ಗಟ್ಟಿಯಾಗಿ ಬರುತ್ತದೆ. ಸಿಗುವುದೆಲ್ಲ ವ್ಯತ್ಯಾಸಗಳೇ ಆದ್ದರಿಂದ, ಎಲ್ಲ ತಡಗಳ ಸರಾಸರಿ ಸೊನ್ನೆ ಅಂತ ನಾವೇ ಹಿಡಿಯಬೇಕು.

ಎಲ್‌ಎಸ್‌ಒ, ಎಲ್‌ವೈಎಸ್‌ಒ ಕ್ರಿಸ್ಟಲ್‌ಗಳಲ್ಲಿ ಇನ್ನೊಂದು ಅನುಕೂಲ ಇದೆ. ಅವುಗಳೊಳಗಿನ ಲುಟೀಷಿಯಂ-176 ತಾನಾಗಿಯೇ ವಿಕಿರಣ ಸೂಸುತ್ತದೆ: ಬೀಟಾ ಕಣ ಹುಟ್ಟಿದ ಕ್ರಿಸ್ಟಲ್‌ನಲ್ಲೇ ಉಳಿಯುತ್ತದೆ, 202 ಅಥವಾ 307 ಕೆಇವಿಯ ಗಾಮಾ ಎದುರಿನ ಕ್ರಿಸ್ಟಲ್ ತಲುಪುತ್ತದೆ. ನಡುವಿನ ದೂರ ಗೊತ್ತು, ಪ್ರಯಾಣದ ಹೊತ್ತೂ ಗೊತ್ತು. ಹೊರಗಿನ ಸೋರ್ಸ್ ಇಲ್ಲದೆಯೂ ಇದರಿಂದ ಟೈಮಿಂಗ್ ಸರಿಪಡಿಸಬಹುದು.

ಎಂಜಿನಿಯರನ್ನು ಕೇಳಬೇಕಾದ್ದು ಇಷ್ಟೇ: ಕೂಲಿಂಗ್ ಸ್ಥಿರವಾದ ಮೇಲೆ ಶುರು ಮಾಡಿದಿರಾ, ಗೇನ್ ಮತ್ತು ಎನರ್ಜಿ ಕ್ಯಾಲಿಬ್ರೇಶನ್ ಮುಗಿಸಿ ಟೈಮಿಂಗ್‌ಗೆ ಬಂದಿರಾ, ಬದಲಿಸಿದ ಮಾಡ್ಯೂಲ್‌ನ ಹಿಸ್ಟೋಗ್ರಾಂ ತೋರಿಸುತ್ತೀರಾ. ಅದರ ಗುಡ್ಡ ಪಕ್ಕದವುಗಳ ಸಾಲಿನಲ್ಲೇ ಇದ್ದರೆ ರೋಗಿಯನ್ನು ಒಳಗೆ ಕರೆಯಿರಿ.